ದೋಣಿ ಬೇಕು, ಜಾಕೆಟ್ಟೂ ಬೇಕು

ಶುರುವಾಗಿದ್ದು ಒಂದು ಪ್ರಶ್ನೆಯಿಂದ. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಭೂಗೋಲದ ತಾಸಿನಲ್ಲಿ ಎದ್ದು ನಿಂತು, "ಸರ, ದೋಣಿ ಗುಡ್ಡಾ ಏರತದೇನ್ರಿ?" ಎಂದು ಕೇಳಿದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ಕೂಡಲಿಲ್ಲ. ಹಿಂದಿನ ರಾತ್ರಿ ಅಣ್ಣನ ಮೊಬೈಲಿನಲ್ಲಿ ಇಂಗ್ಲೆಂಡಿನ ಯಾವುದೋ ಕಾಲುವೆಯ ವಿಡಿಯೋ ನೋಡಿದ್ದಳಂತೆ. ಉದ್ದನೆಯ ಸಪೂರ ದೋಣಿ, ಹಿಂದೊಂದು ಬಾಗಿಲು ಮುಂದೊಂದು ಬಾಗಿಲು, ನೀರು ಗಿರ್ರನೆ ತಿರುಗುತ್ತದೆ, ದೋಣಿ ತಾನೇ ಮೇಲೇಳುತ್ತದೆ. ಮೇಲೆ ಕುಳಿತ ಗಂಡ ಹೆಂಡತಿ ಮಕ್ಕಳು ಚಹಾ ಕುಡಿಯುತ್ತಿದ್ದಾರೆ.

"ಅವರು ಯಾ ಊರಿಗೆ ಹೊಂಟಿದ್ರು?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ.

"ಯಾ ಊರಿಗೂ ಇಲ್ಲ. ಸುಮ್ಮ ತಿರಗಾಡಾಕ."

ಈ ಸಲ ನಗು ಇನ್ನೂ ಜೋರಾಯಿತು. ನೀರಿನ ಮೇಲೆ ಸುಮ್ಮನೆ ತಿರುಗಾಡುವುದು! ನಮ್ಮ ದುಧನಿಯ ಮಕ್ಕಳಿಗೆ ನೀರು ಅಂದರೆ ಕೊಡ, ಪಾಳಿ, ಟ್ಯಾಂಕರು. ಅದರ ಮೇಲೆ ಕುಳಿತು ಚಹಾ ಕುಡಿಯುವ ಜನ ಇರುತ್ತಾರೆ ಎಂಬುದೇ ಅವರಿಗೊಂದು ದೊಡ್ಡ ಜೋಕು.

ಮರುದಿನ ನಾವು ಅಂಗಳದಲ್ಲಿ ಒಂದು ಲಾಕು ಕಟ್ಟಿದೆವು. ಕೆಂಪು ಮಣ್ಣಿನ ಕಾಲುವೆ, ಒಂದು ತುದಿ ಒಂದು ಗೇಣು ಎತ್ತರ, ಇನ್ನೊಂದು ತಗ್ಗು. ನಡುವೆ ಎರಡು ಹಳೇ ಸ್ಲೇಟುಗಳೇ ಬಾಗಿಲು, ಸಂದಿಗೆ ಹಸಿ ಮಣ್ಣು. ತಗ್ಗಿನ ನೀರಲ್ಲಿದ್ದ ಕಾಗದದ ದೋಣಿಯನ್ನು ನಡುವಿನ ಕೋಣೆಗೆ ತಂದು ಹಿಂದಿನ ಸ್ಲೇಟು ಹಾಕಬೇಕು, ಆಮೇಲೆ ಮುಂದಿನ ಸ್ಲೇಟು ಸ್ವಲ್ಪವೇ ಸರಿಸಬೇಕು. ಮೇಲಿನ ನೀರು ಕೋಣೆಗೆ ಇಳಿದು ಎರಡೂ ಕಡೆ ಸಮ ಆಯಿತೋ, ಮುಂದಿನ ಬಾಗಿಲು ತೆಗೆದು ದೋಣಿ ಆಚೆ ತಳ್ಳಿದರಾಯಿತು. ಪಂಪು ಇಲ್ಲ, ಎಂಜಿನ್ನು ಇಲ್ಲ, ನೀರು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತ ದೋಣಿಯನ್ನು ಮೇಲೆತ್ತುತ್ತದೆ. ಮೊದಲ ಮೂರು ಸಲ ಸ್ಲೇಟು ಜಾರಿ ಎಲ್ಲ ಕೆಸರಾಯಿತು. ನಾಲ್ಕನೆಯ ಸಲ ದೋಣಿ ಏರಿತು ನೋಡಿ, ಮಕ್ಕಳು ಹಾಕಿದ ಕೇಕೆಗೆ ಪಕ್ಕದ ಮರಾಠಿ ಶಾಲೆಯವರೂ ಕಾಂಪೌಂಡಿನ ಮೇಲೆ ಬಂದು ಕುಳಿತರು. ಲಾಕಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ಕೇಳಿದೆವು. "ನೀರಿನ ಲಿಫ್ಟ್" ಎಂದರು ಕೆಲವರು. "ನೀರಮೆಟ್ಟಲ" ಎಂದಿತು ಒಂದು ಸಣ್ಣ ಧ್ವನಿ. ನಮಗೆ ಎರಡನೆಯದೇ ಹಿಡಿಸಿತು.

ಖಿಚಡಿ ಮಾಡುವ ಅಕ್ಕ ಮಾತ್ರ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದರು. "ಎಂಟು ಕೊಡ ನೀರು ಮಣ್ಣಿಗೆ ಸುರದ್ರಿ ಗುರುಗಳೆ. ನಾ ಅನ್ನಕ್ಕ ಎಲ್ಲಿಂದ ತರಲಿ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಹೇಳಿದ್ದು ಬರೀ ಅಡುಗೆಮನೆಯ ಮಾತೂ ಅಲ್ಲ. ಲಾಕು ಅಂದರೆ ಪ್ರತಿ ಸಲ ಮೇಲಿನ ನೀರನ್ನು ಕೆಳಕ್ಕೆ ಚೆಲ್ಲುವುದು. 1914ರಲ್ಲಿ ತೆರೆದ ಪನಾಮಾ ಕಾಲುವೆಯಲ್ಲಿ ಹಡಗನ್ನು ಸಮುದ್ರದಿಂದ ಸುಮಾರು 26 ಮೀಟರು ಮೇಲೆ, ಒಂದು ಕೆರೆಯ ಮಟ್ಟಕ್ಕೆ ಏರಿಸಿ, ಆಚೆ ಬದಿ ಇಳಿಸುತ್ತಾರೆ. ಒಂದು ಹಡಗು ದಾಟಲು ಸುಮಾರು 20 ಕೋಟಿ ಲೀಟರು ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. 2023ರಲ್ಲಿ ಅಲ್ಲಿ ಮಳೆ ಕೈಕೊಟ್ಟಾಗ ಕೆರೆ ಇಳಿದು, ದಿನಕ್ಕೆ ಬಿಡುವ ಹಡಗುಗಳನ್ನೇ ಕಡಿಮೆ ಮಾಡಬೇಕಾಯಿತು. ನಮ್ಮ ಅಕ್ಕ ಅಲ್ಲಿದ್ದಿದ್ದರೆ ಮೊದಲೇ ಹೇಳಿರುತ್ತಿದ್ದರು.

ನಮ್ಮ ಕಡೆ ಲಾಕು ಇಲ್ಲವೇ ಎಂಬುದು ಮಕ್ಕಳ ಮುಂದಿನ ಪ್ರಶ್ನೆ. ತುಂಗಭದ್ರೆಯ ಕೆಳಗೆ ಸುಂಕೇಸುಲದಿಂದ ಹೊರಡುವ ಕರ್ನೂಲು–ಕಡಪ ಕಾಲುವೆಯನ್ನು 1860ರ ದಶಕದಲ್ಲಿ ಒಂದು ಬ್ರಿಟಿಷ್ ಕಂಪನಿ ತೋಡಿದಾಗ ಹೊಲಕ್ಕೆ ನೀರು ಮಾತ್ರವಲ್ಲ, ದೋಣಿಯೂ ಓಡಲಿ ಎಂದು ಲಾಕುಗಳನ್ನು ಕಟ್ಟಿತ್ತು. ಲಾಭವಾಗಲಿಲ್ಲ. 1882ರಲ್ಲಿ ಸರ್ಕಾರವೇ ಅದನ್ನು ಕೊಂಡಿತು. ದೋಣಿ ಓಡುವುದು ನಿಂತು ಎಷ್ಟೋ ಕಾಲವಾಯಿತು, ಈಗ ಅದು ಬರೀ ನೀರಾವರಿ ಕಾಲುವೆ. ಇನ್ನು ನಮ್ಮ ಭೀಮೆಯಲ್ಲಿ ಮೆಟ್ಟಿಲುಗಳೇನೋ ಇವೆ. ಔಜ, ಚಿಂಚಪುರದ ಬಂಧಾರೆಗಳನ್ನು ನೋಡಿದವರಿಗೆ ಗೊತ್ತು: ಸಾಲಾಗಿ ಕಂಬ, ಕಂಬದ ನಡುವೆ ಮಳೆಗಾಲ ಮುಗಿದ ಮೇಲೆ ಇಳಿಬಿಡುವ ತಗಡಿನ ಪ್ಲೇಟು. ಕೊಲ್ಹಾಪುರ ಮಾದರಿ ಎನ್ನುತ್ತಾರೆ. ನೀರು ನಿಲ್ಲಿಸಲು ಒಳ್ಳೆಯದು, ಸೊಲ್ಲಾಪುರ ಶಹರ ಕುಡಿಯುವುದು ಇವುಗಳಿಂದಲೂ ಹೌದು. ಆದರೆ ದೋಣಿಗೆ ಅಲ್ಲಿ ದಾರಿಯಿಲ್ಲ. ಏಕರೂಖ ಏತ ನೀರಾವರಿಯಲ್ಲಿ ಪಂಪು ಹಾಕಿ ನೀರನ್ನೇ ಎತ್ತರಕ್ಕೆ ಏರಿಸಿ ನಮ್ಮ ಅಕ್ಕಲಕೋಟ ತಾಲೂಕಿನತ್ತ ತರುತ್ತಾರೆ. ಇಂಗ್ಲೆಂಡಿನಲ್ಲಿ ದೋಣಿ ಗುಡ್ಡ ಏರುತ್ತದೆ, ನಮ್ಮಲ್ಲಿ ನೀರು!

ಇಷ್ಟೆಲ್ಲ ಮಾತಾದ ಮೇಲೆ ನಾವು ಕೈ ಎತ್ತಲು ಹೇಳಿದೆವು. ದೋಣಿಯಲ್ಲಿ ಕೂತವರು ಯಾರ್ಯಾರು? 23 ಮಕ್ಕಳಲ್ಲಿ ಎರಡು ಕೈ. ಒಬ್ಬನ ಸೋದರತ್ತೆಯ ಊರು ಭೀಮೆಯ ದಂಡೆ. ಇನ್ನೊಬ್ಬಳದು ಜಾತ್ರೆಯ ತೊಟ್ಟಿಲು ದೋಣಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಜಗಳವಾಯಿತು. ಆ ದಿನವೇ ನಾಲ್ಕೂ ಶಿಕ್ಷಕರು ಸ್ಟಾಫ್ ರೂಮಿನಲ್ಲಿ ತೀರ್ಮಾನಿಸಿದೆವು, ಮಕ್ಕಳನ್ನು ಒಂದು ದಿನ ದೋಣಿಯಲ್ಲಿ ಕೂಡಿಸಬೇಕು. ಆದರೆ ಮೊದಲು ನಾವು ಹೋಗಿ ನೋಡಿ ಬರಬೇಕು.

ಎಲ್ಲಿಗೆ? ನಮ್ಮ ತಾಲೂಕಿನ ಕುರನೂರ ಧರಣದಿಂದ ಹಿಡಿದು ಕಾಸರಗೋಡಿನ ನೀಲೇಶ್ವರದ ಹೌಸ್‌ಬೋಟಿನವರೆಗೆ ಹೆಸರುಗಳು ಬಂದವು. (ಅಲ್ಲೂ ನಮ್ಮಂತೆ ಗಡಿಯಾಚೆ ಉಳಿದ ಕನ್ನಡ ಶಾಲೆಗಳಿವೆ, ಒಮ್ಮೆ ಹೋಗಬೇಕೆಂಬ ಆಸೆ ಹಳೆಯದು, ಖರ್ಚು ಕೇಳಿದರೆ ಆಸೆ ಅಲ್ಲೇ ಕೂಡುತ್ತದೆ.) ಕೊನೆಗೆ ಉಜನಿಯ ಹಿನ್ನೀರು ಎಂದಾಯಿತು. ಕಾರಣ ಸರಳ. ದುಧನಿಯ ಸ್ಟೇಷನ್ನು ಮತ್ತು ಉಜನಿಯ ದಂಡೆಯ ಭಿಗವಣ ಸ್ಟೇಷನ್ನು ಒಂದೇ ರೈಲುದಾರಿಯ ಮೇಲಿವೆ.

ಸಿದ್ಧೇಶ್ವರ ಜಾತ್ರೆ ಮುಗಿದ ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸೊಲ್ಲಾಪುರಕ್ಕೆ ಹೋಗಿ ಸಹೋದ್ಯೋಗಿಯೊಬ್ಬರ ಅಕ್ಕನ ಮನೆಯಲ್ಲಿ ಉಳಿದೆವು. ಸಂಜೆ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಜನರನ್ನು ಕೂಡಿಸಿ ತೋಡಿಸಿದ ಕೆರೆ ಎಂದು ನಂಬಿಕೆ. ಕಪಿಲಸಿದ್ಧ ಮಲ್ಲಿಕಾರ್ಜುನ ಅಂಕಿತದಲ್ಲಿ ಕನ್ನಡದ ವಚನ ಬರೆದ ಇದೇ ಸೊನ್ನಲಿಗೆಯ ಸಿದ್ಧರಾಮ. ಕೆರೆ ಅಗೆಯುವುದರಲ್ಲೇ ಮುಳುಗಿದ್ದಾನೆಂದು ಅಲ್ಲಮಪ್ರಭು ಬಂದು ಚುಚ್ಚಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಲ್ಲಮನ ಮಾತಿಗೆ ಅರ್ಥ ಬೇರೆ ಇದೆ, ಒಪ್ಪೋಣ. ಆದರೂ ಒಂಬೈನೂರು ವರ್ಷ ಆದಮೇಲೆ ಅದೇ ನೀರಿನ ದಂಡೆಯಲ್ಲಿ ಶೇಂಗಾ ತಿನ್ನುತ್ತ ಕೂತವರಿಗೆ ಸಿದ್ಧರಾಮನ ಪಕ್ಷವೇ ಸರಿ ಅನ್ನಿಸುತ್ತದೆ.

ಭಾನುವಾರ ಬೆಳಿಗ್ಗೆ ಭಿಗವಣದಲ್ಲಿ ಇಳಿದು, ಅಲ್ಲಿಂದ ಒಂದು ಜೀಪು ಮಾಡಿಕೊಂಡು ದಂಡೆಗೆ ಹೋದೆವು. ಮೀನುಗಾರರ ಚಪ್ಪಟೆ ತಳದ ದೋಣಿಗಳು. ವಲಸೆ ಹಕ್ಕಿ ಬರುವ ತಿಂಗಳುಗಳಲ್ಲಿ ಪುಣೆ ಮುಂಬಯಿ ಕಡೆಯಿಂದ ಕ್ಯಾಮರಾ ಹೊತ್ತವರು ಬರುತ್ತಾರೆ, ಬೆಳಗಿನ ಹೊತ್ತು ಮೀನಿಗಿಂತ ಅವರಿಂದಲೇ ನಾಲ್ಕು ಕಾಸು ಹೆಚ್ಚು. ನಮ್ಮ ದೋಣಿಯಾತ ಇಪ್ಪತ್ತೈದರ ಹುಡುಗ. ನಾವು ಕನ್ನಡದಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿ "ಗಾಣಗಾಪುರ್‌ಚೇ ಕಾ?" ಎಂದು ಕೇಳಿದ. ಅಲ್ಲ, ಮಹಾರಾಷ್ಟ್ರದವರೇ ಎಂದಾಗ ಅವನಿಗೆ ನಂಬಿಕೆ ಬರಲಿಲ್ಲ. ಇದು ನಮಗೆ ಹೊಸದಲ್ಲ ಬಿಡಿ.

ಆ ಎರಡು ತಾಸನ್ನು ಹೇಗೆ ಹೇಳುವುದು? ಮಂಜು ಇನ್ನೂ ನೀರಿನ ಮೇಲಿತ್ತು. ಎಂಜಿನ್ನು ನಿಲ್ಲಿಸಿ ಗಳ ಹಾಕಿ ತಳ್ಳಲು ಶುರು ಮಾಡಿದ. ದೂರದಲ್ಲಿ ಬಿಳಿ ಪಟ್ಟಿಯೊಂದು ಕಂಡಿತು, ಹತ್ತಿರ ಹೋದಂತೆ ಅದು ಗುಲಾಬಿ ಅಂಚಿನ ರಾಜಹಂಸಗಳ ಸಾಲಾಯಿತು, ತಲೆ ಕೆಳಗೆ ಮಾಡಿ ಕೆಸರನ್ನು ಸೋಸುತ್ತಿದ್ದವು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಒಂದು ನಡುಗಡ್ಡೆಯ ಮೇಲೆ ಬಿಸಿಲು ಕಾಯುತ್ತಿದ್ದವು. ನಮ್ಮಲ್ಲಿ ಗಣಿತ ಹೇಳುವವರು ಎಣಿಸಲು ಶುರು ಮಾಡಿ ಇನ್ನೂರಕ್ಕೆ ಕೈಬಿಟ್ಟರು. ಯಾರೂ ಮಾತಾಡಲಿಲ್ಲ. ವರ್ಷವಿಡೀ ಗಂಟಲು ಹರಿದುಕೊಳ್ಳುವ ನಾಲ್ಕು ಜನ ಶಿಕ್ಷಕರು ಒಂದು ತಾಸು ಸುಮ್ಮನೆ ಕುಳಿತಿದ್ದೆವು ಅಂದರೆ ನೀವೇ ತಿಳಿಯಿರಿ.

ಎಲ್ಲ ಚೆನ್ನಾಗಿತ್ತು ಅಂತಲ್ಲ. ಕೆಲವೆಡೆ ನೀರು ಹಸಿರು ಬಣ್ಣದ ಗಂಜಿಯಂತಿತ್ತು, ಗಳ ಎತ್ತಿದಾಗ ನಾತ. ಪುಣೆಯ ಕೊಳಚೆ ಮುಳಾ–ಮುಠಾ ನದಿಗಳಿಂದ ಭೀಮೆಗೆ, ಭೀಮೆಯಿಂದ ಇಲ್ಲಿಗೆ. ಕೆಳಗೆ ಕುಡಿಯುವವರು ನಾವು. ಒಂದು ಕಡೆ ದೋಣಿಯಾತ ಗಳವನ್ನು ಊರಿ ನಿಂತು, "ಇಲ್ಲಿ ನಮ್ಮ ಅಜ್ಜನ ಹೊಲ ಇತ್ತು" ಎಂದ. 1980ರಲ್ಲಿ ಧರಣ ಮುಗಿದಾಗ ಊರೂರುಗಳೇ ಮುಳುಗಿದವು. ಪಳಸದೇವದ ಹಳೆಯ ಶಿವಾಲಯ ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಈಗಲೂ ಹೊರಗೆ ಬರುತ್ತದೆ, ಜನ ದೋಣಿ ಮಾಡಿಕೊಂಡು ಹೋಗಿ ನೋಡುತ್ತಾರೆ. ಉಜನಿಯ ಲೆಕ್ಕವೇ ವಿಚಿತ್ರ. ಒಟ್ಟು 117 ಟಿಎಂಸಿಯಲ್ಲಿ ಕಾಲುವೆಗೆ ಬಿಡಲು ಬರುವುದು ಸುಮಾರು 53.5, ಉಳಿದ 63.5ಕ್ಕೂ ಮಿಕ್ಕಿದ್ದು 'ಮೃತ ಸಾಠಾ'. ಸತ್ತ ನೀರು. ಅದಕ್ಕೇ ಬೇಸಿಗೆಯಲ್ಲಿ ಮರಾಠಿ ಪತ್ರಿಕೆಗಳು 'ಉಜನಿ ವಜಾ' ಎಂದು ಬರೆಯುತ್ತವೆ, 2024ರ ಬೇಸಿಗೆಯಲ್ಲಿ ಮೈನಸ್ 60ರ ಹತ್ತಿರ ಇಳಿದಿತ್ತು. ಮೈನಸ್ ನೀರಿನ ಮೇಲೂ ದೋಣಿ ತೇಲುತ್ತದೆ ಎಂದು ಗಣಿತದವರು ಹೇಳಿದರು. ಅವರ ಮಟ್ಟಿಗೆ ಅದು ದೊಡ್ಡ ಜೋಕು.

ಈಗ ನಾವು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇವೆ.

ದೋಣಿ ಹತ್ತುವಾಗ ನಾವು ಜಾಕೆಟ್ ಕೇಳಿದೆವು. ಹುಡುಗ ನಮ್ಮನ್ನು ಎಬ್ಬಿಸಿದ. ನಾವು ಕೂತಿದ್ದೇ ಅವುಗಳ ಮೇಲೆ! ಹಲಗೆ ಒತ್ತಬಾರದೆಂದು ಹಾಸಿದ್ದ. ಆರು ಇದ್ದವು, ಎರಡರ ಬಕಲ್ಲು ಹೋಗಿತ್ತು. "ಇಲ್ಲಿ ನೀರು ಎದೆಮಟ್ಟ ಅಷ್ಟೇ, ಯಾರೂ ಹಾಕೋದಿಲ್ಲ" ಎಂದ. ಆದರೂ ಹಾಕಿಕೊಂಡೆವು. ನಮ್ಮ ಮೇಡಮ್ಮರು ನಾಲ್ವರಲ್ಲಿ ಸಣ್ಣ ಮೈಯವರು. ಅವರು ಕೈ ಎತ್ತಿದರೆ ಜಾಕೆಟ್ಟು ಕಿವಿಯವರೆಗೆ ಏರುತ್ತಿತ್ತು. ಮಕ್ಕಳ ಅಳತೆಯದು ಇದೆಯೇ ಎಂದರೆ, ಆ ದಂಡೆಯ ಯಾವ ದೋಣಿಯಲ್ಲೂ ಇರಲಿಲ್ಲ. ದೊಡ್ಡವರ ಜಾಕೆಟ್ಟು ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ಟು ಮೇಲೆ ತೇಲುತ್ತದೆ, ಮಗು ಅದರೊಳಗಿನಿಂದ ಕೆಳಗೆ ಜಾರುತ್ತದೆ. ಇಷ್ಟು ತಿಳಿಯಲು ವಿಜ್ಞಾನ ಓದಬೇಕಾಗಿಲ್ಲ.

2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳ ದೋಣಿ ಮಗುಚಿತು. 12 ಮಕ್ಕಳು, 2 ಶಿಕ್ಷಕಿಯರು ತೀರಿಕೊಂಡರು. ಹಿಡಿಸುವುದಕ್ಕಿಂತ ಹೆಚ್ಚು ಜನ ಕೂತಿದ್ದರು, ಎಲ್ಲರಿಗೂ ಜಾಕೆಟ್ ಇರಲಿಲ್ಲ ಎಂದು ವರದಿಗಳು ಹೇಳಿದವು. ಅದೇ ವರ್ಷ ಮೇ 21ರ ಸಂಜೆ ಇದೇ ಉಜನಿಯಲ್ಲಿ, ನಮ್ಮ ಜಿಲ್ಲೆಯ ಕುಗಾವದಿಂದ ಆಚೆ ದಂಡೆಯ ಕಳಾಶಿಗೆ ಹೊರಟ ದೋಣಿ ಬಿರುಗಾಳಿಗೆ ಸಿಕ್ಕಿತು. 6 ಜನ ಹೋದರು, ಅವರಲ್ಲಿ ಮಕ್ಕಳೂ ಇದ್ದರು. ಒಬ್ಬರು ಈಜಿ ದಂಡೆ ಸೇರಿದರು. ಅವರು ಯಾರೂ ಮೋಜಿಗೆ ಹೊರಟವರಲ್ಲ. ಧರಣದ ನೀರು ನಡುವೆ ಬಂದು ಎರಡು ದಂಡೆಯ ಊರುಗಳು ಬೇರೆಯಾದ ಮೇಲೆ ಅಲ್ಲಿನವರಿಗೆ ದೋಣಿಯೇ ಎಸ್‌ಟಿ ಬಸ್ಸು.

ಇಂಥ ಸುದ್ದಿ ಬಂದಾಗಲೆಲ್ಲ ಶಾಲೆಗಳಲ್ಲಿ ಆಗುವುದು ಒಂದೇ. ನೀರಿನ ಹತ್ತಿರದ ಪ್ರವಾಸ ರದ್ದು. ಮುಖ್ಯಾಧ್ಯಾಪಕರ ತಲೆನೋವು ಹೋಯಿತು, ಪಾಲಕರಿಗೂ ನೆಮ್ಮದಿ. ನಾವು ಇದನ್ನು ಒಪ್ಪುವುದಿಲ್ಲ. ಮಕ್ಕಳನ್ನು ನೀರಿನಿಂದ ದೂರ ಇಟ್ಟರೆ ನೀರು ಅವರಿಂದ ದೂರ ಇರುತ್ತದೆಯೇ? ನಮ್ಮ ಸುತ್ತ ಈಗ ಹೊಲಕ್ಕೊಂದು ಶೇತತಳೆ. ಒಳಗೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಕಾಲು ಜಾರಿದರೆ ದೊಡ್ಡವರಿಗೇ ಹತ್ತಲಾಗುವುದಿಲ್ಲ. ಕೆನಾಲಿನ ಸಿಮೆಂಟಿನ ಇಳಿಜಾರೂ ಹಾಗೆಯೇ. ಬೇಸಿಗೆ ರಜೆಯಲ್ಲಿ ಮಕ್ಕಳು ಈಜಲು ಹೋಗುವುದು ಅಲ್ಲಿಗೇ, ಯಾರಿಗೂ ಹೇಳದೆ. ಅಲ್ಲಿ ಜಾಕೆಟ್ಟೂ ಇಲ್ಲ, ಶಿಕ್ಷಕರೂ ಇಲ್ಲ. ದೋಣಿಯಲ್ಲಿ ಎದ್ದು ನಿಲ್ಲಬಾರದು, ಎಲ್ಲರೂ ಒಂದೇ ಬದಿಗೆ ವಾಲಬಾರದು, ಗಾಳಿ ಎದ್ದರೆ ಹೊರಡಲೇಬಾರದು, ದೋಣಿ ಮಗುಚಿದರೂ ತೇಲುತ್ತಿದ್ದರೆ ಅದನ್ನೇ ಹಿಡಿದುಕೊಳ್ಳಬೇಕು ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದರೆ ಪರೀಕ್ಷೆಗೆ ಬರುತ್ತದೆ, ಮೈಗೆ ಬರುವುದಿಲ್ಲ.

ಕಾನೂನು ಇಲ್ಲ ಅಂತಲ್ಲ. 1917ರ ಹಳೆಯದನ್ನು ತೆಗೆದು 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ಬಂದಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿದೆ. ಆದರೆ ಕಾಗದ ದಂಡೆಗೆ ಇಳಿಯಬೇಕಲ್ಲ. ನಮ್ಮ ದೋಣಿಯ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಜಾಕೆಟ್ಟಿಗೆ ದುಡ್ಡು ಅವನದು, ಕೇಳುವ ಗಿರಾಕಿ ಯಾರೂ ಇಲ್ಲ. ಕ್ಯಾಮರಾದವರು ಜಾಕೆಟ್ಟು ಹಾಕಿದರೆ ಕೈ ಆಡುವುದಿಲ್ಲ ಎನ್ನುತ್ತಾರಂತೆ. ಸರ್ಕಾರ ನೀರಿನ ಪ್ರವಾಸೋದ್ಯಮ ಎಂದು ದೊಡ್ಡ ಮಾತಾಡುತ್ತಿರುವಾಗ ನಾವು ಕೇಳುವುದು ಸಣ್ಣದು. ಪ್ರತಿ ದಂಡೆಯಲ್ಲಿ ಗ್ರಾಮಪಂಚಾಯತಿಯ ಲೆಕ್ಕದಲ್ಲಿ ಇಪ್ಪತ್ತೈದು ಮೂವತ್ತು ಸಣ್ಣ ಅಳತೆಯ ಜಾಕೆಟ್ಟು, ಪ್ರತಿ ದೋಣಿಯ ಬದಿಗೆ ಎಷ್ಟು ಜನ ಎಂದು ಬಣ್ಣದಲ್ಲಿ ಬರೆದ ಅಂಕಿ. ಎರಡೂ ಒಂದು ಸ್ವಾಗತ ಕಮಾನಿನ ಖರ್ಚಿಗಿಂತ ಕಡಿಮೆ.

ಊರಿಗೆ ಬಂದು ಪಾಲಕರ ಸಭೆ ಕರೆದೆವು. ಆಡತಿ ಅಂಗಡಿಯಲ್ಲಿ ಹಮಾಲಿ ಮಾಡುವ ಒಬ್ಬ ತಂದೆ, "ನನ್ನ ಮಗಳಿಗೆ ಈಜಾಕ ಬರಂಗಿಲ್ರಿ ಮಾಸ್ತರ, ನಾ ಕಳಸಂಗಿಲ್ಲ" ಎಂದು ಎದ್ದೇ ಬಿಟ್ಟರು. ತಪ್ಪೇನಿಲ್ಲ, ನಮಗೂ ಮಕ್ಕಳಿದ್ದಾರೆ. ಹಿಂದೆ ಕೂತಿದ್ದ ಒಬ್ಬ ತಾಯಿ, "ಅಣ್ಣಾ, ನೀರಿಗೆ ಇಳೀಲಾರದ ಈಜು ಹೆಂಗ ಬರ್ತದ? ನಮ್ಮ ಹೊಲದಾಗ ಶೇತತಳೆ ಅದ, ನನಗ ರಾತ್ರಿ ನಿದ್ದಿ ಬರಂಗಿಲ್ಲ" ಎಂದರು. ಆ ಮೇಲೆ ಒಂದು ತಾಸು ಮಾತು ಅವರವರಲ್ಲೇ ನಡೆಯಿತು, ನಾವು ಸುಮ್ಮನೆ ಕೇಳಿದೆವು. ಕೊನೆಗೆ ಆದದ್ದು ಇಷ್ಟು: ಮಕ್ಕಳ ಅಳತೆಯ ಜಾಕೆಟ್ಟು ಕಣ್ಣಿಗೆ ಕಾಣುವವರೆಗೆ ಯಾರೂ ಹೋಗುವುದು ಬೇಡ. ಕಂಡ ಮೇಲೆ ಹೋಗಬಹುದು, ಒಂದು ದೋಣಿಗೆ ಆರು ಮಕ್ಕಳು, ಒಬ್ಬ ಶಿಕ್ಷಕರು, ಒಬ್ಬರು ಈಜು ಬಲ್ಲ ಪಾಲಕರು. ಖಿಚಡಿ ಅಕ್ಕ ತಾವೂ ಬರುವುದಾಗಿ ಹೇಳಿದ್ದಾರೆ, ಅಷ್ಟು ನೀರು ಒಂದೇ ಕಡೆ ಹೇಗಿರುತ್ತದೆ ನೋಡಬೇಕಂತೆ.

ದೋಣಿಯ ಹುಡುಗನಿಗೆ ಫೋನ್ ಮಾಡಿದೆವು. ದಂಡೆಯ ನಾಲ್ಕೈದು ದೋಣಿಯವರು ಸೇರಿ ಸಣ್ಣ ಜಾಕೆಟ್ಟು ತರಿಸಲು ಒಪ್ಪಿದ್ದಾರೆ, ಅರ್ಧ ದುಡ್ಡು ನಾವು ಮುಂಗಡ ಕೊಡಬೇಕು, ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಆದರೆ ಅಂಗಡಿಯವನು ವಯಸ್ಸು ಕೇಳುವುದಿಲ್ಲವಂತೆ, ತೂಕ ಕೇಳುತ್ತಾನಂತೆ. ಹಾಗಾಗಿ ಮೊನ್ನೆ ಆರೋಗ್ಯ ತಪಾಸಣೆಯ ತೂಕದ ಯಂತ್ರವನ್ನು ವರಾಂಡಕ್ಕೆ ತಂದು ಸಾಲು ನಿಲ್ಲಿಸಿದೆವು. ದೋಣಿ ಗುಡ್ಡ ಏರುತ್ತದೆಯೇ ಎಂದು ಕೇಳಿದವಳೇ ವಹಿ ಹಿಡಿದು ಬರೆಯುತ್ತಿದ್ದಳು. ಅವಳದು 27 ಕಿಲೋ. ಹಮಾಲಿಯವರ ಮಗಳು ಸಾಲಿನ ಕೊನೆಗೆ ಬಂದು ನಿಂತಳು. "ಅಪ್ಪ ಕಳಸ್ತಾನೋ ಇಲ್ಲೋ ಗೊತ್ತಿಲ್ರಿ ಸರ, ತೂಕ ಅಷ್ಟ ಬರಕೊಳ್ರಿ" ಎಂದಳು. ಬರೆದುಕೊಂಡೆವು, 24. ಮಕ್ಕಳದು ಮುಗಿದ ಮೇಲೆ ವಹಿಯವಳು ನಮ್ಮ ಕಡೆ ತಿರುಗಿ, "ನೀವೂ ಹತ್ರಿ, ದೋಣಿಗೆ ಎಲ್ಲಾರ್ದೂ ಬೇಕಲ್ಲ?" ಎಂದಳು. ನಾಲ್ವರೂ ಒಬ್ಬೊಬ್ಬರಾಗಿ ಹತ್ತಿದೆವು. ಆ ಅಂಕಿಗಳು ಅವಳ ವಹಿಯಲ್ಲಿವೆ, ಇಲ್ಲಿ ಬೇಡ.